ಗಾಯ್ಡರ್ ಗೆರೆಯ ಎರಡೂ ಬದಿ

ದಕ್ಷಿಣ ಆಸ್ಟ್ರೇಲಿಯಾ ಪ್ರವಾಸವನ್ನು ಸಾಮಾನ್ಯವಾಗಿ ಮೂರು ತುಂಡು ಮಾಡಿ ಮಾರುತ್ತಾರೆ: ಅಡಿಲೇಡ್ ನಗರ ಮತ್ತು ಅದರ ಕಡಲತೀರ, ಬರೋಸಾ ಕಣಿವೆಯ ದ್ರಾಕ್ಷಿತೋಟಗಳು, ಕೊನೆಗೆ ವಿಮಾನದಲ್ಲಿ ಹೋಗಿ ಬರುವ ಔಟ್‌ಬ್ಯಾಕ್ ಎಂಬ ಕೆಂಪು ಒಳನಾಡು. ಹೀಗೆ ಬಿಡಿಬಿಡಿಯಾಗಿ ನೋಡಿದರೆ ಆ ರಾಜ್ಯದ ಮುಖ್ಯ ಸಂಗತಿಯೇ ಕಣ್ತಪ್ಪುತ್ತದೆ. ಈ ಮೂರನ್ನೂ ಬೇರೆಬೇರೆ ಮಾಡಿದ್ದು ಮಳೆ. ಕಡಲಿನಿಂದ ಉತ್ತರಕ್ಕೆ ರಸ್ತೆಯಲ್ಲೇ ಸಾಗುತ್ತ, ಮಳೆ ಕಡಿಮೆಯಾಗುತ್ತ ಹೋದಂತೆ ನೆಲ, ಬೆಳೆ, ಊರುಗಳು ಹೇಗೆ ಬದಲಾಗುತ್ತವೆ ಎಂದು ಗಮನಿಸುವುದೇ ಅಲ್ಲಿ ಮಾಡಬೇಕಾದ ಪ್ರವಾಸ ಎಂಬುದು ನನ್ನ ವಾದ. ವಿಸ್ತೀರ್ಣದಲ್ಲಿ ಕರ್ನಾಟಕದ ಐದು ಪಟ್ಟು ಇರುವ ಈ ರಾಜ್ಯದ ಜನಸಂಖ್ಯೆ 20 ಲಕ್ಷದೊಳಗೆ. ಅವರಲ್ಲಿ ಮುಕ್ಕಾಲು ಪಾಲು ಅಡಿಲೇಡ್ ಸುತ್ತಲೇ ನೆಲೆಸಿದ್ದಾರೆ. ಯಾಕೆ ಎಂಬ ಪ್ರಶ್ನೆಗೆ ಉತ್ತರ ಆ ರಸ್ತೆಯಲ್ಲಿದೆ.

ಕಡಲತೀರ ಎಂದೊಡನೆ ಮಂಗಳೂರಿನ ಜಡಿಮಳೆ ನೆನೆಯುವವರಿಗೆ ಅಡಿಲೇಡ್ ಬೆರಗು ಹುಟ್ಟಿಸುತ್ತದೆ. ಅಲ್ಲಿ ವರ್ಷಕ್ಕೆ ಬೀಳುವುದು ಸುಮಾರು 550 ಮಿ.ಮೀ. ಮಳೆ, ಹೆಚ್ಚುಕಡಿಮೆ ನಮ್ಮ ಬಯಲುಸೀಮೆಯಷ್ಟು. ಅದು ಅತಿ ಹೆಚ್ಚು ಬರುವುದೂ ಜೂನ್‌ನಿಂದ ಆಗಸ್ಟ್‌ವರೆಗಿನ ಚಳಿಗಾಲದಲ್ಲಿ. 1837ರಲ್ಲಿ ಕರ್ನಲ್ ವಿಲಿಯಂ ಲೈಟ್ ಈ ನಗರವನ್ನು ಅಳೆದು, ಸುತ್ತಲೂ ಹಸಿರು ಪಟ್ಟಿ ಬಿಟ್ಟು ರೂಪಿಸಿದ. ಇಂದು ಅದರ ಬಾಯಾರಿಕೆ ತಣಿಸಲು ಮರ‍್ರೆ ನದಿಯ ನೀರೂ ಬೇಕು. ಮಳೆಯ ಚಳಿಗಾಲ, ಒಣ ಬೇಸಿಗೆ ಎಂಬ ಇದೇ ಲಯ ದ್ರಾಕ್ಷಿಗೆ ಒಗ್ಗಿತು. ಧಾರ್ಮಿಕ ಕಿರುಕುಳ ತಾಳಲಾರದೆ ಪ್ರಷ್ಯಾ ಬಿಟ್ಟು ಬಂದ ಲೂಥರನ್ ಕುಟುಂಬಗಳು 1842ರಲ್ಲಿ ಬರೋಸಾದಲ್ಲಿ ಬೆಥನಿ ಎಂಬ ಹಳ್ಳಿ ಕಟ್ಟಿದವು. ಯುರೋಪಿನ ದ್ರಾಕ್ಷಿಯನ್ನು ಬೇರಿನಿಂದಲೇ ಕೊಂದ ಫೈಲಾಕ್ಸೆರಾ ಕೀಟ ಈ ರಾಜ್ಯಕ್ಕೆ ಕಾಲಿಡಲಿಲ್ಲ. ಆದ್ದರಿಂದಲೇ 1843ರಲ್ಲಿ ನೆಟ್ಟ ಶಿರಾಜ್ ಬಳ್ಳಿಗಳು ಇನ್ನೂ ಹಣ್ಣು ಬಿಡುತ್ತಿವೆ. ಕಂಡವರ ತೋಟಕ್ಕೆ ಇಳಿದು ಬಳ್ಳಿಗಳ ನಡುವೆ ನಡೆಯಬೇಡಿ ಎಂಬ ಫಲಕಗಳನ್ನು ಪ್ರವಾಸಿಗಳು ಮನಸ್ಸಿಟ್ಟು ಓದಬೇಕು. ಆ ಕೀಟ ಬೂಟಿನ ಮಣ್ಣಿನಲ್ಲೂ ಬರಬಲ್ಲದು.

ಇಲ್ಲಿಂದ ಉತ್ತರಕ್ಕೆ ಹೋದಂತೆ ದ್ರಾಕ್ಷಿ ಹಿಂದುಳಿದು ಗೋಧಿ ಬರುತ್ತದೆ, ಆಮೇಲೆ ಗೋಧಿಯೂ ನಿಲ್ಲುತ್ತದೆ. ಅದು ಎಲ್ಲಿ ನಿಲ್ಲಬೇಕೆಂದು ಒಬ್ಬ ಅಧಿಕಾರಿ ಮೊದಲೇ ಹೇಳಿದ್ದ. 1865ರ ಬರಗಾಲದಲ್ಲಿ ಸರ್ವೇಯರ್ ಜನರಲ್ ಜಾರ್ಜ್ ಗಾಯ್ಡರ್ ಕುದುರೆಯೇರಿ ಸುತ್ತಿದ. ಮ್ಯಾಲಿ ಪೊದೆಗಳು ಮುಗಿದು ಉಪ್ಪುನೆಲದ ಕುರುಚಲು ಗಿಡಗಳು ಶುರುವಾಗುವ ಜಾಗಗಳನ್ನು ಗುರುತಿಸಿ, ಇದರಾಚೆ ಬೆಳೆಗೆ ಮಳೆಯನ್ನು ನಂಬುವಂತಿಲ್ಲ ಎಂದು ನಕ್ಷೆಯ ಮೇಲೆ ಗೆರೆ ಎಳೆದ. 1870ರ ದಶಕದಲ್ಲಿ ಕೆಲವು ವರ್ಷ ಮಳೆ ಚೆನ್ನಾಗಿ ಬಂತು. ನೇಗಿಲು ಹೋದಲ್ಲಿಗೆ ಮಳೆ ಹಿಂಬಾಲಿಸುತ್ತದೆ ಎಂಬ ನಂಬಿಕೆ ಹಬ್ಬಿತು, ಸರ್ಕಾರವೂ ಮಣಿದು ಗೆರೆಯಾಚೆ ಭೂಮಿ ಮಾರಿತು. 1880ರ ದಶಕದ ಬರ ಆ ರೈತರನ್ನು ಮುಳುಗಿಸಿತು. ಕ್ವಾರ್ನ್, ಹಾಕರ್ ಊರುಗಳ ಆಸುಪಾಸಿನಲ್ಲಿ ಅವರು ಬಿಟ್ಟುಹೋದ ಚಾವಣಿಯಿಲ್ಲದ ಕಲ್ಲಿನ ಮನೆಗಳನ್ನು ಇಂದಿಗೂ ನೋಡಬಹುದು. ಇನ್ನೂ ಉತ್ತರದಲ್ಲಿ, ಗೋಧಿಯ ಕಣಜವಾಗುತ್ತದೆಂದು ಹಿಟ್ಟಿನ ಹೆಸರನ್ನೇ ಇಟ್ಟುಕೊಂಡಿದ್ದ ಫರೀನಾ ಎಂಬ ಊರು ಪಾಳುಬಿದ್ದಿದೆ. ಬರೋಸಾದ ಸಮೃದ್ಧಿಯಲ್ಲಿ ಮಳೆಯ ಪಾಲೆಷ್ಟು, ಮನುಷ್ಯನ ಪಾಲೆಷ್ಟು ಎಂದು ತೂಗಲು ಈ ಪಾಳುಮನೆಗಳ ಮುಂದೆ ನಿಲ್ಲಬೇಕು. ಎರಡು ಕಡೆಯೂ ದುಡಿದವರ ಶ್ರಮ ಕಡಿಮೆಯದಲ್ಲ.

ಎಲ್ಲವನ್ನೂ ಮಳೆಯ ತಲೆಗೆ ಕಟ್ಟುವುದು ಸರಿಯೇ ಎಂದು ಕೇಳಬಹುದು. ಈ ಆಕ್ಷೇಪಣೆಯಲ್ಲಿ ಹುರುಳಿದೆ. ಗಾಯ್ಡರ್ ಗೆರೆ ಗೋಧಿಗೆ ಎಲ್ಲೆಯೇ ಹೊರತು ಬದುಕಿಗಲ್ಲ. ಗೆರೆಯಾಚೆಯ ಫ್ಲಿಂಡರ್ಸ್ ಬೆಟ್ಟಸಾಲಿನಲ್ಲಿ ಅದ್ನ್ಯಾಮತನ ಜನ ಗೋಧಿಯ ಹಂಗಿಲ್ಲದೆ, ಊಟೆಗಳನ್ನೂ ಋತುಗಳನ್ನೂ ಬಲ್ಲವರಾಗಿ ಸಾವಿರಾರು ವರ್ಷ ಬಾಳಿದ್ದಾರೆ. ಹೊರಗೆ ಬೇಸಿಗೆ 45 ಡಿಗ್ರಿ ಮುಟ್ಟುವ ಕೂಬರ್ ಪೀಡಿಯಲ್ಲಿ, 1915ರಲ್ಲಿ ಓಪಲ್ ರತ್ನ ಸಿಕ್ಕ ಮೇಲೆ ಬಂದವರು ನೆಲದಡಿ ಮನೆ ಕೊರೆದುಕೊಂಡು ಉಳಿದರು. ಅಂದರೆ ಮಳೆ ಯಾರ ಹಣೆಬರಹವನ್ನೂ ಬರೆದುಬಿಡುವುದಿಲ್ಲ. ಆದರೆ ಹೇಗೆ ಬದುಕುತ್ತೀರಿ ಎಂದು ಪ್ರತಿ ಹೆಜ್ಜೆಗೂ ಕೇಳುತ್ತದೆ. ಆ ಉತ್ತರಗಳ ವೈವಿಧ್ಯವನ್ನು ಸಾಲಾಗಿ ಕಾಣಲು ರಸ್ತೆಯೇ ಬೇಕು.

ಅಷ್ಟು ದೂರ, ಅಷ್ಟು ಸಮಯ ಯಾರಿಗಿದೆ ಎಂಬುದು ಇನ್ನೊಂದು ಆಕ್ಷೇಪ. ಕೂಬರ್ ಪೀಡಿ ಅಡಿಲೇಡ್‌ನಿಂದ ಸುಮಾರು 850 ಕಿ.ಮೀ. ದೂರವಿರುವುದು ನಿಜ. ಆದರೆ ಗೆರೆ ದಾಟಲು ಅಲ್ಲಿವರೆಗೆ ಹೋಗಬೇಕಿಲ್ಲ. ಫ್ಲಿಂಡರ್ಸ್‌ನ ವಿಲ್ಪೀನಾ ಸುಮಾರು 430 ಕಿ.ಮೀ., ಒಂದು ದಿನದ ದಾರಿ. 1946ರಲ್ಲಿ ಭೂವಿಜ್ಞಾನಿ ರೆಗ್ ಸ್ಪ್ರಿಗ್ ಸುಮಾರು 55 ಕೋಟಿ ವರ್ಷ ಹಳೆಯ ಮೃದುದೇಹಿ ಜೀವಿಗಳ ಅಚ್ಚುಗಳನ್ನು ಗುರುತಿಸಿದ್ದು ಈ ಬೆಟ್ಟಸಾಲಿನ ಅಂಚಿನ ಎಡಿಯಾಕರಾದಲ್ಲೇ. ನಾಲ್ಕೇ ದಿನ ಇರುವವರು ಕೂಬರ್ ಪೀಡಿಯ ವಿಮಾನ ಬಿಟ್ಟು, ಬರೋಸಾ, ಕ್ವಾರ್ನ್, ಹಾಕರ್ ಮೂಲಕ ವಿಲ್ಪೀನಾಕ್ಕೆ ಕಾರಿನಲ್ಲಿ ಹೋಗಿಬರಲಿ. ಮೇನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಹಿತವಾಗಿರುತ್ತದೆ. ಜನವರಿಯಲ್ಲಿ ಮಾತ್ರ ಬೇಡ. ಉತ್ತರದ ಊಡ್ನಡಾಟಾದಲ್ಲಿ 1960ರ ಜನವರಿ 2ರಂದು 50.7 ಡಿಗ್ರಿ ದಾಖಲಾಗಿದೆ. ಕತ್ತಲಾದ ಮೇಲೆ ಕಾಂಗರೂಗಳು ರಸ್ತೆಗೆ ಇಳಿಯುವುದರಿಂದ ಹಗಲಲ್ಲೇ ಊರು ಸೇರಬೇಕು. ಕಾರಿನಲ್ಲಿ ಬೇಕೆನಿಸಿದ್ದಕ್ಕಿಂತ ಹೆಚ್ಚು ಕುಡಿಯುವ ನೀರಿರಲಿ.