ತೇಲು ಚಿಕಿತ್ಸೆ: ಪ್ರಯೋಜನಗಳು, ಮಿತಿಗಳು ಹಾಗೂ ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

ಪೀಠಿಕೆ

ಕೆಲಸದ ಒತ್ತಡ, ನಿದ್ರಾಹೀನತೆ, ಬೆನ್ನು ಹಾಗೂ ಕುತ್ತಿಗೆಯ ನೋವು ಇಂದಿನ ಜೀವನದಲ್ಲಿ ಸಾಮಾನ್ಯ ತೊಂದರೆಗಳಾಗಿವೆ. ಇವುಗಳಿಂದ ಉಪಶಮನ ಬಯಸುವವರಿಗಾಗಿ ತೇಲು ಚಿಕಿತ್ಸೆ ಅಥವಾ ಫ್ಲೋಟೇಷನ್ ಥೆರಪಿ ಎಂಬ ಸೇವೆಯು ವಿದೇಶಗಳಲ್ಲಿ ಹಲವು ದಶಕಗಳಿಂದ ಬಳಕೆಯಲ್ಲಿದ್ದು, ಭಾರತದ ಕೆಲವು ದೊಡ್ಡ ನಗರಗಳಲ್ಲಿಯೂ ಖಾಸಗಿಯಾಗಿ ದೊರೆಯುತ್ತಿದೆ. ಈ ವಿಧಾನವು ಮನಸ್ಸಿಗೂ ದೇಹಕ್ಕೂ ಗಾಢವಾದ ವಿಶ್ರಾಂತಿಯನ್ನು ನೀಡಬಲ್ಲದು. ಆದರೆ ವಿಶ್ರಾಂತಿಯೇ ರೋಗನಿವಾರಣೆಯಲ್ಲ. ಈ ವ್ಯತ್ಯಾಸವನ್ನು ಅರಿಯದೆ, ಹಿತವೆನಿಸಿತೆಂಬ ಕಾರಣಕ್ಕೆ ರಕ್ತದೊತ್ತಡದ ಅಥವಾ ಮಾನಸಿಕ ಕಾಯಿಲೆಯ ಔಷಧಿಯನ್ನು ನಿಲ್ಲಿಸುವುದು ಅಪಾಯಕಾರಿ. ಆದುದರಿಂದ ಈ ವಿಧಾನದ ಬಗ್ಗೆ ಅಗತ್ಯ ಮಾಹಿತಿಯನ್ನು ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ನೀಡಲಾಗಿದೆ.

ತೇಲು ಚಿಕಿತ್ಸೆ ಎಂದರೇನು?

ಸುಮಾರು 25ರಿಂದ 30 ಸೆಂಟಿಮೀಟರ್ ಆಳದ ನೀರಿರುವ ತೊಟ್ಟಿಯಲ್ಲಿ ಅಧಿಕ ಪ್ರಮಾಣದ ಎಪ್ಸಮ್ ಉಪ್ಪನ್ನು ಕರಗಿಸಲಾಗುತ್ತದೆ. ಎಪ್ಸಮ್ ಉಪ್ಪು ಎಂದರೆ ಅಡುಗೆ ಉಪ್ಪಲ್ಲ. ಅದು ಮೆಗ್ನೀಷಿಯಂ ಸಲ್ಫೇಟ್ ಎಂಬ ಲವಣ. ಒಂದು ತೊಟ್ಟಿಗೆ ಸಾಮಾನ್ಯವಾಗಿ 400ರಿಂದ 500 ಕಿಲೋಗ್ರಾಂ ಉಪ್ಪು ಬೇಕಾಗುತ್ತದೆ. ನೀರಿನ ಉಷ್ಣತೆಯನ್ನು ಚರ್ಮದ ಉಷ್ಣತೆಗೆ ಸಮನಾಗಿ, ಅಂದರೆ 34ರಿಂದ 35.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಿಸಲಾಗುತ್ತದೆ. ಕೋಣೆಯಲ್ಲಿ ಬೆಳಕು ಮತ್ತು ಶಬ್ದ ಇಲ್ಲದಂತೆ ಅಥವಾ ಅತ್ಯಲ್ಪವಾಗಿರುವಂತೆ ವ್ಯವಸ್ಥೆ ಮಾಡಲಾಗುತ್ತದೆ. ವ್ಯಕ್ತಿಯು ಅಂಗಾತ ಮಲಗಿ ಸಾಮಾನ್ಯವಾಗಿ ಒಂದು ಗಂಟೆಯ ಕಾಲ ತೇಲುತ್ತಾನೆ. ಈಜು ಬಾರದವರೂ ಇದರಲ್ಲಿ ತೇಲಬಹುದು.

ದೇಹವು ತೇಲುವುದು ಹೇಗೆ?

ಒಂದು ಲೀಟರ್ ಸಾಮಾನ್ಯ ನೀರಿನ ತೂಕ ಒಂದು ಕಿಲೋಗ್ರಾಂ. ತೊಟ್ಟಿಯ ಉಪ್ಪುನೀರು ಲೀಟರಿಗೆ ಸುಮಾರು 1.25 ಕಿಲೋಗ್ರಾಂ ತೂಗುತ್ತದೆ. ಮನುಷ್ಯನ ದೇಹದ ಸಾಂದ್ರತೆಯು ಸಾಮಾನ್ಯ ನೀರಿನ ಸಾಂದ್ರತೆಗೆ ಬಹುತೇಕ ಸಮನಾಗಿರುವುದರಿಂದ, ಕೆರೆ ಬಾವಿಗಳಲ್ಲಿ ಕೈಕಾಲು ಆಡಿಸದಿದ್ದರೆ ಮುಳುಗುವ ಸಂಭವವಿರುತ್ತದೆ. ಆದರೆ ಉಪ್ಪುನೀರಿನಲ್ಲಿ 60 ಕಿಲೋಗ್ರಾಂ ತೂಕದ ವ್ಯಕ್ತಿಯು 48 ಲೀಟರ್ ನೀರನ್ನು ಸ್ಥಳಾಂತರಿಸಿದರೆ ಸಾಕು, ತೇಲುತ್ತಾನೆ; ದೇಹದ ಸುಮಾರು ಐದನೆಯ ಒಂದು ಭಾಗವು ನೀರಿನ ಮೇಲೆಯೇ ಉಳಿಯುತ್ತದೆ. ಇಸ್ರೇಲ್ ಮತ್ತು ಜೋರ್ಡಾನ್ ನಡುವಿನ ಮೃತ ಸಮುದ್ರದಲ್ಲಿ ಪ್ರವಾಸಿಗರು ನೀರಿನ ಮೇಲೆ ಮಲಗಿರುವುದು ಇದೇ ಕಾರಣದಿಂದ. ಸಾಮಾನ್ಯ ಸಮುದ್ರದ ನೀರಿನಲ್ಲಿ ಶೇಕಡಾ 3.5ರಷ್ಟು ಲವಣವಿದ್ದರೆ, ಮೃತ ಸಮುದ್ರದಲ್ಲಿ ಅದು ಶೇಕಡಾ 30ಕ್ಕೂ ಹೆಚ್ಚಾಗಿದೆ.

ಹೀಗೆ ತೇಲುವಾಗ ಬೆನ್ನು, ಕುತ್ತಿಗೆ ಹಾಗೂ ಕೀಲುಗಳ ಮೇಲೆ ಬೀಳುವ ಭಾರವು ಬಹಳ ಕಡಿಮೆಯಾಗಿ, ಸ್ನಾಯುಗಳು ಸಡಿಲಗೊಳ್ಳುತ್ತವೆ. ನೀರು ತಣ್ಣಗೂ ಬಿಸಿಯಾಗಿಯೂ ತೋರದ ಕಾರಣ, ಕೆಲವು ನಿಮಿಷಗಳ ನಂತರ ದೇಹವೆಲ್ಲಿ ಮುಗಿಯಿತು, ನೀರೆಲ್ಲಿ ಆರಂಭವಾಯಿತು ಎಂಬುದೇ ತಿಳಿಯದಂತಾಗುತ್ತದೆ. ಹೊರಗಿನ ಸಂವೇದನೆಗಳು ತಗ್ಗಿದಾಗ ಗಮನವು ಸಹಜವಾಗಿ ಉಸಿರಾಟ ಮತ್ತು ಹೃದಯ ಬಡಿತದ ಕಡೆಗೆ ತಿರುಗುತ್ತದೆ.

ಹಿನ್ನೆಲೆ

ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿದ್ದ ವೈದ್ಯ ಡಾ. ಜಾನ್ ಸಿ. ಲಿಲ್ಲಿ ಅವರು 1954ರಲ್ಲಿ ಇಂತಹ ಪ್ರಯೋಗವನ್ನು ಮೊದಲಿಗೆ ಕೈಗೊಂಡರು. ಚಿಕಿತ್ಸೆ ನೀಡುವುದು ಅವರ ಉದ್ದೇಶವಾಗಿರಲಿಲ್ಲ. ಬೆಳಕು, ಶಬ್ದ ಮುಂತಾದ ಪ್ರಚೋದನೆಗಳಿಲ್ಲದಿದ್ದರೆ ಮೆದುಳು ಎಚ್ಚರದಿಂದಿರುವುದೇ ಅಥವಾ ನಿದ್ರೆಗೆ ಜಾರುವುದೇ ಎಂಬುದನ್ನು ಅರಿಯುವುದಾಗಿತ್ತು. ಆಗ ಮುಖವಾಡ ಧರಿಸಿ ನೀರಿನೊಳಗೆ ಮುಳುಗಿರಬೇಕಾಗಿತ್ತು. ಉಪ್ಪುನೀರಿನ ಮೇಲೆ ಅಂಗಾತ ತೇಲುವ ಸರಳ ತೊಟ್ಟಿಗಳು 1970ರ ದಶಕದಲ್ಲಿ ಮಾರಾಟಕ್ಕೆ ಬಂದವು. ಮೊದಲ ತೊಟ್ಟಿಗಳಿಗೆ ನಮ್ಮ ಯೋಗಶಾಸ್ತ್ರದ ಪದವಾದ ‘ಸಮಾಧಿ’ ಎಂಬ ಹೆಸರನ್ನೇ ಇಡಲಾಗಿತ್ತು. ತರುವಾಯ ಕೆನಡಾದ ಮನೋವಿಜ್ಞಾನಿ ಪೀಟರ್ ಸ್ಯೂಡ್‌ಫೆಲ್ಡ್ ಮೊದಲಾದವರು ಇದನ್ನು ಚಿಕಿತ್ಸಾ ವಿಧಾನವಾಗಿ ಅಧ್ಯಯನ ಮಾಡಿದರು.

ಅಧ್ಯಯನಗಳಿಂದ ತಿಳಿದುಬಂದಿರುವ ಪ್ರಯೋಜನಗಳು

1. ಆತಂಕದ ತಗ್ಗುವಿಕೆ: ಅಮೆರಿಕದ ಟಲ್ಸಾ ನಗರದ ಮೆದುಳು ಸಂಶೋಧನಾ ಸಂಸ್ಥೆಯೊಂದು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆತಂಕ ಹಾಗೂ ಒತ್ತಡ ಸಂಬಂಧಿ ತೊಂದರೆಗಳಿದ್ದ 50 ಮಂದಿ ಒಂದು ಗಂಟೆಯ ಕಾಲ ತೇಲಿದರು. ಆ ಬಳಿಕ ಅವರ ಆತಂಕ, ಸ್ನಾಯು ಬಿಗಿತ ಮತ್ತು ನೋವು ಗಣನೀಯವಾಗಿ ತಗ್ಗಿದುದು ಕಂಡುಬಂದಿತು.

2. ದೀರ್ಘಕಾಲದ ಚಿಂತೆಯಲ್ಲಿ ಉಪಶಮನ: ಸ್ವೀಡನ್ ದೇಶದಲ್ಲಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸದಾ ಚಿಂತೆಯಿಂದ ಬಳಲುವವರಿಗೆ 12 ಬಾರಿ ತೇಲು ಚಿಕಿತ್ಸೆ ನೀಡಿದಾಗ, ಚಿಕಿತ್ಸೆಗಾಗಿ ಕಾಯುತ್ತಿದ್ದ ಗುಂಪಿಗಿಂತ ಹೆಚ್ಚಿನ ಸುಧಾರಣೆ ಕಂಡುಬಂದಿತು.

3. ದೈಹಿಕ ವಿಶ್ರಾಂತಿ: ತೇಲುವ ಅವಧಿಯಲ್ಲಿ ರಕ್ತದೊತ್ತಡವು ತುಸು ಇಳಿಯುವುದು ಹಾಗೂ ಉಸಿರಾಟ ನಿಧಾನವಾಗುವುದು ದಾಖಲಾಗಿದೆ.

ಮಿತಿಗಳು

ಮೇಲ್ಕಂಡ ಅಧ್ಯಯನಗಳಲ್ಲಿ ಪಾಲ್ಗೊಂಡವರ ಸಂಖ್ಯೆ ಚಿಕ್ಕದು. 2018ರ ಅಧ್ಯಯನದಲ್ಲಿ ಬೇರೆ ವಿಧಾನದೊಂದಿಗೆ ಹೋಲಿಕೆ ಮಾಡಿರಲಿಲ್ಲ. ಜರ್ಮನಿಯಲ್ಲಿ ದೀರ್ಘಕಾಲದ ನೋವಿರುವ 99 ಮಂದಿಯನ್ನು ಕುರಿತು ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವು ಇಲ್ಲಿ ವಿಶೇಷವಾಗಿ ಗಮನಾರ್ಹ. ತೇಲಿದ ಕೂಡಲೇ ನೋವು ತಗ್ಗಿ, ಹಾಯೆನಿಸಿದುದು ನಿಜ. ಆದರೆ ತೋರಿಕೆಯ ಚಿಕಿತ್ಸೆ ಪಡೆದವರಿಗೂ ಅಂತಹುದೇ ಅನುಭವವಾಯಿತು. ವಾರಗಳು ಕಳೆದ ಮೇಲೆ ಎರಡೂ ಗುಂಪುಗಳ ನಡುವೆ ವ್ಯತ್ಯಾಸವೇನೂ ಉಳಿಯಲಿಲ್ಲ. ಅಂದರೆ ಇದು ನೋವಿಗೆ ಶಾಶ್ವತ ಪರಿಹಾರವೆಂದು ಹೇಳಲಾಗದು.

ಉಪ್ಪಿನಲ್ಲಿರುವ ಮೆಗ್ನೀಷಿಯಂ ಚರ್ಮದ ಮೂಲಕ ದೇಹವನ್ನು ಸೇರಿ ಕೊರತೆಯನ್ನು ನೀಗಿಸುತ್ತದೆ ಎಂಬ ಪ್ರಚಾರಕ್ಕೂ ಸಾಕಷ್ಟು ಪುರಾವೆಯಿಲ್ಲ. ಮಧುಮೇಹ, ಅಧಿಕ ರಕ್ತದೊತ್ತಡ, ಖಿನ್ನತೆ ಅಥವಾ ಅಪಸ್ಮಾರವನ್ನು ಗುಣಪಡಿಸುವುದಾಗಿ ಯಾರಾದರೂ ಹೇಳಿದಲ್ಲಿ ಅದನ್ನು ನಂಬಬಾರದು.

ಪ್ರಕೃತಿ ಚಿಕಿತ್ಸೆಯಲ್ಲಿ ಜಲಚಿಕಿತ್ಸೆ

ನೀರಿನಿಂದ ದೇಹಕ್ಕೆ ಆರಾಮ ನೀಡುವ ಕ್ರಮವು ನಮಗೆ ಹೊಸದಲ್ಲ. ಪ್ರಕೃತಿ ಚಿಕಿತ್ಸೆಯಲ್ಲಿ ಕಟಿ ಸ್ನಾನ, ಬೆನ್ನಿನ ಸ್ನಾನ, ಪೂರ್ಣ ಮುಳುಗು ಸ್ನಾನ ಮೊದಲಾದವು ಬಳಕೆಯಲ್ಲಿವೆ. ಚರ್ಮದ ಉಷ್ಣತೆಗೆ ಸಮೀಪದ ಹದವಾದ ನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿರುವ ಸ್ನಾನವು ತೇಲು ಚಿಕಿತ್ಸೆಗೆ ಬಹಳ ಹತ್ತಿರದ್ದಾಗಿದ್ದು, ಮನಸ್ಸನ್ನು ಶಾಂತಗೊಳಿಸಲು ಇದನ್ನು ಸೂಚಿಸಲಾಗುತ್ತದೆ. ಇದಕ್ಕೆ ನೂರಾರು ಕಿಲೋಗ್ರಾಂ ಉಪ್ಪಾಗಲಿ, ವಿಶೇಷ ಯಂತ್ರವಾಗಲಿ ಬೇಕಿಲ್ಲ. ರಾಜ್ಯದಲ್ಲಿ ಮೈಸೂರಿನ ಸರ್ಕಾರಿ ಪ್ರಕೃತಿ ಚಿಕಿತ್ಸಾ ಮತ್ತು ಯೋಗ ಮಹಾವಿದ್ಯಾಲಯವು 2006ರಲ್ಲಿ ಆರಂಭವಾಗಿದ್ದು, ಅದರ ಆಸ್ಪತ್ರೆಯಲ್ಲಿ ಜಲಚಿಕಿತ್ಸೆಯನ್ನು ನೀಡಲಾಗುತ್ತದೆ. ದುಬಾರಿ ಶುಲ್ಕ ಭರಿಸಲಾಗದವರು ಮೊದಲಿಗೆ ಇಂತಹ ಸರ್ಕಾರಿ ಆಸ್ಪತ್ರೆಯ ವೈದ್ಯರೊಂದಿಗೆ ಸಮಾಲೋಚಿಸುವುದು ಸೂಕ್ತ.

ಯಾರು ವೈದ್ಯರ ಸಲಹೆಯಿಲ್ಲದೆ ತೇಲು ಚಿಕಿತ್ಸೆ ಪಡೆಯಬಾರದು?

1. ಹತೋಟಿಗೆ ಬಾರದ ಅಪಸ್ಮಾರ, ಅಂದರೆ ಮೂರ್ಛೆ ರೋಗ ಇರುವವರು
2. ತೀವ್ರ ಮಾನಸಿಕ ಕಾಯಿಲೆಯಿದ್ದು ಭ್ರಮೆ ಅನುಭವಿಸುತ್ತಿರುವವರು
3. ಹೃದ್ರೋಗ, ಮೂತ್ರಪಿಂಡದ ಕಾಯಿಲೆ ಅಥವಾ ಕಡಿಮೆ ರಕ್ತದೊತ್ತಡ ಇರುವವರು
4. ಗರ್ಭಿಣಿಯರು
5. ಕಿವಿಯ ತಮಟೆ ತೂತಾಗಿರುವವರು

ತೆರೆದ ಗಾಯ, ಹರಡುವ ಚರ್ಮರೋಗ ಅಥವಾ ಭೇದಿ ಇರುವವರು ಗುಣವಾಗುವವರೆಗೆ ತೊಟ್ಟಿಗೆ ಇಳಿಯಬಾರದು. ಮದ್ಯ ಸೇವಿಸಿದವರು ಯಾವುದೇ ಕಾರಣಕ್ಕೂ ಇಳಿಯತಕ್ಕದ್ದಲ್ಲ.

ತೇಲುವ ಮುನ್ನ ಹಾಗೂ ನಂತರ

ತೇಲುವುದಕ್ಕೆ ಮುಂಚೆ ಲಘು ಆಹಾರ ಸೇವಿಸಬಹುದು. ಹೊಟ್ಟೆ ತುಂಬ ಊಟ ಮಾಡಬಾರದು. ಅಂದು ಕ್ಷೌರ ಮಾಡಿದ ಚರ್ಮಕ್ಕೆ ಉಪ್ಪು ತಗುಲಿದರೆ ಉರಿಯುತ್ತದೆ. ತೊಟ್ಟಿಗೆ ಇಳಿಯುವ ಮುನ್ನ ಸೋಪು ಹಚ್ಚಿ ಸ್ನಾನ ಮಾಡತಕ್ಕದ್ದು. ಉಪ್ಪುನೀರು ಕಣ್ಣಿಗೆ ಬಿದ್ದಲ್ಲಿ ಕೂಡಲೇ ಶುದ್ಧ ನೀರಿನಿಂದ ತೊಳೆಯಬೇಕು. ಅದನ್ನು ನುಂಗಿದರೆ ಭೇದಿಯಾಗಬಹುದು. ಕತ್ತಲೆ ಅಥವಾ ಮುಚ್ಚಿದ ಸ್ಥಳದ ಭಯವಿರುವವರು ಬೆಳಕನ್ನು ಹಾಗೂ ಬಾಗಿಲನ್ನು ತೆರೆದಿರಿಸಿಕೊಳ್ಳಬಹುದು. ಮುಗಿದ ನಂತರ ನಿಧಾನವಾಗಿ ಏಳಬೇಕು. ಒಮ್ಮೆಲೇ ಎದ್ದರೆ ತಲೆ ಸುತ್ತುವ ಸಂಭವವಿದೆ. ತೋಟಗಳಿಗೆ ಗೊಬ್ಬರವಾಗಿ ಮಾರುವ ಮೆಗ್ನೀಷಿಯಂ ಸಲ್ಫೇಟನ್ನು ತಂದು ಮನೆಯಲ್ಲಿ ಈ ಪ್ರಯೋಗ ಮಾಡಬಾರದು. ಮನೆಯ ತೊಟ್ಟಿಯಲ್ಲಿ ಇಷ್ಟು ಸಾಂದ್ರತೆ ಬಾರದಿದ್ದಲ್ಲಿ ನಿದ್ರೆಗೆ ಜಾರಿದವರು ಮುಳುಗುವ ಅಪಾಯವಿದೆ.

ಸೇವಾ ಕೇಂದ್ರದಲ್ಲಿ ವಿಚಾರಿಸಬೇಕಾದ ಅಂಶಗಳು

1. ಒಬ್ಬರು ಬಳಸಿದ ನಂತರ ನೀರನ್ನು ಶೋಧಿಸಿ ಶುದ್ಧೀಕರಿಸಲಾಗುತ್ತದೆಯೇ? ಉಪ್ಪಿರುವುದರಿಂದ ರೋಗಾಣುಗಳು ಬದುಕುವುದಿಲ್ಲ ಎಂಬ ಉತ್ತರವು ಸಾಲದು.
2. ತೊಟ್ಟಿಯ ಬಾಗಿಲನ್ನು ಒಳಗಿನಿಂದ ಸುಲಭವಾಗಿ ತೆರೆಯಬಹುದೇ? ಸಹಾಯಕ್ಕೆ ಕರೆಯಲು ಗುಂಡಿ ಇದೆಯೇ?
3. ನಿಮ್ಮ ಕಾಯಿಲೆ ಹಾಗೂ ಔಷಧಿಗಳ ವಿವರವನ್ನು ಮೊದಲೇ ಕೇಳಿದರೇ?
4. ಶುಲ್ಕಕ್ಕೆ ರಸೀದಿ ನೀಡಲಾಗುತ್ತದೆಯೇ? ಹತ್ತಾರು ಬಾರಿಯ ಶುಲ್ಕವನ್ನು ಮುಂಗಡವಾಗಿ ಕಟ್ಟುವ ಮೊದಲು ಒಂದು ಬಾರಿ ಅನುಭವ ಪಡೆದು ನಿರ್ಧರಿಸುವುದು ಒಳಿತು.

ರಾಜ್ಯದಲ್ಲಿ ರೋಗಿಗಳಿಗೆ ಚಿಕಿತ್ಸೆ ನೀಡುವ ಖಾಸಗಿ ಆಸ್ಪತ್ರೆ ಹಾಗೂ ಚಿಕಿತ್ಸಾಲಯಗಳು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರನ್ವಯ ನೋಂದಣಿ ಪಡೆದಿರಬೇಕು. ಪ್ರಕೃತಿ ಚಿಕಿತ್ಸಾ ಸಂಸ್ಥೆಗಳಿಗೂ ಇದು ಅನ್ವಯಿಸುತ್ತದೆ. ಕೇವಲ ವಿಶ್ರಾಂತಿ ಸೇವೆ ನೀಡುವ ಸ್ಪಾ ಕೇಂದ್ರವನ್ನು ಆಸ್ಪತ್ರೆಯೆಂದು ಭಾವಿಸಬಾರದು. ಹಣ ಪಡೆದು ಒಪ್ಪಿದ ಸೇವೆ ನೀಡದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಸಲ್ಲಿಸಬಹುದು.

ಸಾರ್ವಜನಿಕರಲ್ಲಿ ಮನವಿ

ಆರೋಗ್ಯವಂತರು ದಣಿವಾರಿಸಿಕೊಳ್ಳಲು, ಆತಂಕವುಳ್ಳವರು ವೈದ್ಯರ ಚಿಕಿತ್ಸೆಯ ಜೊತೆಯಲ್ಲಿ ಪೂರಕವಾಗಿ ತೇಲು ಚಿಕಿತ್ಸೆಯನ್ನು ಪಡೆಯಬಹುದು. ಆದರೆ ಹಿತವಾದ ಒಂದು ಗಂಟೆಯನ್ನು ಆಧರಿಸಿ, ಸೇವಿಸುತ್ತಿರುವ ಔಷಧಿಯನ್ನು ಸ್ವತಃ ನಿಲ್ಲಿಸುವುದಾಗಲಿ, ಪ್ರಮಾಣ ಕಡಿಮೆ ಮಾಡುವುದಾಗಲಿ ಕೂಡದು. ಎರಡು ವಾರಗಳಿಗೂ ಹೆಚ್ಚು ಕಾಲ ನಿದ್ರೆ ಬಾರದಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಜೀವನವೇ ಬೇಡವೆನಿಸುವುದು ಇವು ದಣಿವಿನ ಲಕ್ಷಣಗಳಷ್ಟೇ ಅಲ್ಲ. ಜೀವನ ಬೇಡವೆಂಬ ಯೋಚನೆ ಬಂದಲ್ಲಿ ಎರಡು ವಾರ ಕಾಯದೆ ಕೂಡಲೇ ನೆರವು ಪಡೆಯತಕ್ಕದ್ದು. ಇಂತಹವರು ಹಾಗೂ ಅವರ ಮನೆಯವರು ಹಗಲಿರುಳೂ ಲಭ್ಯವಿರುವ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು ಅಥವಾ ಹತ್ತಿರದ ಸರ್ಕಾರಿ ಆಸ್ಪತ್ರೆಯನ್ನು ಸಂಪರ್ಕಿಸಬಹುದು. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.