ಬೇಸಿಗೆ ಕೊನೆಯಲ್ಲಿ ಗಾಳ ಹಾಕುವ ಮುನ್ನ: ಪುಣೆ ಜಲಾಶಯಗಳಿಂದ ಕರಾವಳಿವರೆಗೆ ನೀರು, ಮೀನಿನ ಸ್ಥಿತಿ ಹೇಗಿರುತ್ತದೆ?

ಪುಣೆ: ಮೇ ಕೊನೆಯ ವಾರ ಬಂತೆಂದರೆ ಪುಣೆ ಸುತ್ತಲಿನ ಜಲಾಶಯಗಳ ದಂಡೆಯಲ್ಲಿ ನೀರು ಹಿಂದೆ ಸರಿದು, ಕೆಸರು ಒಣಗಿ ಬಿರುಕು ಬಿಟ್ಟಿರುತ್ತದೆ. ಶನಿವಾರ, ಭಾನುವಾರ ಬೆಳಗಿನ ಜಾವ ಅದೇ ದಂಡೆಗೆ ರಾಡು, ರೀಲು ಹಿಡಿದು ಬರುವ ಹವ್ಯಾಸಿ ಗಾಳಗಾರರ ಸಂಖ್ಯೆಯೂ ಆಗಲೇ ಹೆಚ್ಚು. ಐಟಿ ಕೆಲಸಕ್ಕೆಂದು ಬಂದು ಇಲ್ಲೇ ನೆಲೆಸಿದ ಕನ್ನಡಿಗರೂ ಅವರಲ್ಲಿದ್ದಾರೆ. "ನೀರು ಕಡಿಮೆ ಇದ್ದಾಗ ಮೀನು ಬೇಗ ಸಿಗುತ್ತದೆ" ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಮಾತು ಸುಳ್ಳಲ್ಲ. ಆದರೆ ಹಾಗೆ ಬೇಗ ಸಿಗುವ ಮೀನು ಯಾವ ಸ್ಥಿತಿಯಲ್ಲಿದೆ, ಗಾಳ ಬಿಡಿಸಿ ನೀರಿಗೆ ಬಿಟ್ಟ ಮೇಲೆ ಬದುಕುತ್ತದೆಯೇ ಎಂಬುದನ್ನು ನಿರ್ಧರಿಸುವುದು ನೀರಿನ ಬಿಸಿ ಮತ್ತು ಅದರಲ್ಲಿರುವ ಆಮ್ಲಜನಕ.

ಜಲಾಶಯದ ಮಟ್ಟ ನೋಡಿ ಮೋಸ ಹೋಗಬೇಡಿ

ಪುಣೆಗೆ ನೀರು ಕೊಡುವುದು ಖಡಕ್‌ವಾಸ್ಲಾ, ಪಾನ್‌ಶೇತ್, ವರಸ್‌ಗಾಂವ್ ಮತ್ತು ಟೇಮ್‌ಘರ್ ಎಂಬ ನಾಲ್ಕು ಅಣೆಕಟ್ಟುಗಳು. ನಾಲ್ಕರ ಒಟ್ಟು ಬಳಕೆ ಸಾಮರ್ಥ್ಯ 29.15 ಟಿಎಂಸಿ. ನಗರಕ್ಕೆ ಅತಿ ಹತ್ತಿರವಿರುವ, ಎಲ್ಲರೂ ನೋಡುವ ಖಡಕ್‌ವಾಸ್ಲಾದ ಪಾಲು ಅದರಲ್ಲಿ 1.97 ಟಿಎಂಸಿ ಮಾತ್ರ. ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟು ಇದನ್ನು ತುಂಬಿಸುತ್ತಾ ಇರುತ್ತಾರೆ. ಹೀಗಾಗಿ ಖಡಕ್‌ವಾಸ್ಲಾದಲ್ಲಿ ನೀರು ಚೆನ್ನಾಗಿಯೇ ಕಂಡರೂ ಪಾನ್‌ಶೇತ್, ವರಸ್‌ಗಾಂವ್ ಕಡೆ ಹೋದರೆ ದಂಡೆ ಬಹಳ ಕೆಳಗಿಳಿದಿರುತ್ತದೆ. ಮೇಲಿನಿಂದ ನೀರು ಬಿಟ್ಟಾಗ, ಕಾಲುವೆಗೆ ಹರಿಸಿದಾಗ ಮಟ್ಟ ಏರಿಳಿಯುತ್ತದೆ. ಮಳೆ ಇಲ್ಲವಲ್ಲ ಎಂದು ನದಿಪಾತ್ರದ ಬಂಡೆಯ ಮೇಲೆ ಸಾಮಾನು ಹರಡಿ ಕೂರುವುದು ಸರಿಯಲ್ಲ. ಮೇಲೆ ಒಣಗಿದಂತೆ ಕಾಣುವ ಹೂಳಿನಲ್ಲಿ ಕಾಲು ಮೊಣಕಾಲುವರೆಗೆ ಹುದುಗುವುದೂ ಇದೇ ತಿಂಗಳಲ್ಲಿ.

ಉಜನಿಯ ಲೆಕ್ಕವೇ ಬೇರೆ. ಸೋಲಾಪುರ ಜಿಲ್ಲೆಯಲ್ಲಿ ಭೀಮಾ ನದಿಗೆ ಕಟ್ಟಿದ ಈ ಜಲಾಶಯದ ಒಟ್ಟು ಸಾಮರ್ಥ್ಯ ಸುಮಾರು 117 ಟಿಎಂಸಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಸುಮಾರು 63 ಟಿಎಂಸಿ, 'ಮೃತ ಸಂಗ್ರಹ'. ಬೇಸಿಗೆಯಲ್ಲಿ "ಉಜನಿ ಮೈನಸ್‌ಗೆ ಇಳಿಯಿತು" ಎಂದು ಮರಾಠಿ ಪತ್ರಿಕೆಗಳು ಬರೆದರೆ ಜಲಾಶಯ ಬರಿದಾಗಿದೆ ಎಂದಲ್ಲ, ಬಳಕೆಯ ನೀರು ಮುಗಿದು ಮೃತ ಸಂಗ್ರಹಕ್ಕೆ ಕೈ ಹಾಕಿದ್ದಾರೆ ಎಂದರ್ಥ. ಮೀನು ಇರುತ್ತದೆ, ಹೇರಳವಾಗಿಯೇ ಇರುತ್ತದೆ. ಆದರೆ ಪುಣೆ, ಪಿಂಪ್ರಿ-ಚಿಂಚವಾಡದ ಕೊಳಚೆ ಮುಳಾ-ಮುಠಾ ಮೂಲಕ ಭೀಮೆಗೆ ಸೇರಿ ಇಲ್ಲಿಗೇ ಬರುತ್ತದೆ. ಇದೇ ಭೀಮೆ ಮುಂದೆ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಹರಿಯುತ್ತದೆ ಎಂಬುದು ನಮ್ಮ ಓದುಗರಿಗೆ ಗೊತ್ತಿರುವ ವಿಷಯವೇ.

ಮುಂಜಾನೆಯೇ ಒಳ್ಳೆಯ ಸಮಯವೇ?

ಬೇಸಿಗೆಯಲ್ಲಿ ಗಾಳ ಹಾಕುವವರಿಗೆ ಎಲ್ಲರೂ ಕೊಡುವ ಸಲಹೆ ಒಂದೇ: ಸೂರ್ಯ ಹುಟ್ಟುವ ಮೊದಲೇ ಹೋಗಿ. ಈ ಸಲಹೆ ಎಲ್ಲ ನೀರಿಗೂ ಹೊಂದುವುದಿಲ್ಲ.

ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರಬಲ್ಲ ಆಮ್ಲಜನಕ ಕಡಿಮೆಯಾಗುತ್ತದೆ. ಸಮುದ್ರಮಟ್ಟದಲ್ಲಿ 20 ಡಿಗ್ರಿ ಸೆಲ್ಸಿಯಸ್ ಸಿಹಿನೀರು ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಅದು ಸುಮಾರು 7.5ಕ್ಕೆ ಇಳಿಯುತ್ತದೆ. ಪುಣೆ ಸುಮಾರು 560 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಇನ್ನೂ ಸ್ವಲ್ಪ ಕಡಿಮೆ. ಅದೇ ಹೊತ್ತಿಗೆ ಬಿಸಿ ನೀರಿನಲ್ಲಿ ಮೀನಿನ ಮೈಯ ಕೆಲಸ ವೇಗಗೊಂಡು ಅದಕ್ಕೆ ಬೇಕಾದ ಆಮ್ಲಜನಕ ಹೆಚ್ಚಾಗುತ್ತದೆ. ಸಿಗುವುದು ಕಡಿಮೆ, ಬೇಕಾಗುವುದು ಹೆಚ್ಚು. ಲೀಟರಿಗೆ 3 ಮಿಲಿಗ್ರಾಂಗಿಂತ ಕೆಳಗಿಳಿದರೆ ಕಾಟ್ಲಾ, ರೋಹು ಥರದ ಗೆಂಡೆ ಜಾತಿಯ ಮೀನುಗಳಿಗೂ ಕಷ್ಟ.

ಪಾನ್‌ಶೇತ್, ಪವನಾ, ಮುಳಶಿಯಂಥ ಆಳವಾದ, ತಿಳಿನೀರಿನ ಜಲಾಶಯಗಳಲ್ಲಿ ಮುಂಜಾನೆಯ ಸಲಹೆ ಸರಿ. ರಾತ್ರಿ ಮೇಲ್ನೀರು ತಣಿದಿರುತ್ತದೆ, ಮೀನು ದಂಡೆಯ ಹತ್ತಿರ ಮೇಯಲು ಬರುತ್ತದೆ. ಬಿಸಿಲೇರಿದಂತೆ ಆಳಕ್ಕಿಳಿಯುತ್ತದೆ. ಆದರೆ ತೀರಾ ತಳಕ್ಕಲ್ಲ. ಬೇಸಿಗೆಯಲ್ಲಿ ಇಂಥ ಜಲಾಶಯಗಳ ನೀರು ಪದರ ಪದರವಾಗಿ ನಿಲ್ಲುತ್ತದೆ. ಮೇಲೆ ಬಿಸಿ ನೀರು, ಕೆಳಗೆ ತಣ್ಣನೆಯ ಭಾರದ ನೀರು. ಎರಡೂ ಬೆರೆಯದ ಕಾರಣ ತಳದ ಆಮ್ಲಜನಕ ತಿಂಗಳುಗಟ್ಟಲೆ ಖರ್ಚಾಗುತ್ತಲೇ ಹೋಗಿ ಮೇ ಹೊತ್ತಿಗೆ ಬಹುತೇಕ ಮುಗಿದಿರುತ್ತದೆ. ಸೀಸದ ಗುಂಡು ಕಟ್ಟಿ ತಳಕ್ಕೆ ಬಿಟ್ಟ ಎರೆ ಗಂಟೆಗಟ್ಟಲೆ ಹಾಗೇ ಇದ್ದರೆ ಅಚ್ಚರಿಯಿಲ್ಲ, ಅಲ್ಲಿ ಮೀನೇ ಇರುವುದಿಲ್ಲ. ನಡುವಿನ ಪದರದಲ್ಲಿ, ಹಳೆಯ ನದಿಪಾತ್ರದ ಅಂಚಿನಲ್ಲಿ ಪ್ರಯತ್ನಿಸುವುದು ಮೇಲು.

ಉಜನಿಯ ಹಿನ್ನೀರು, ಪಾಷಾಣ ಕೆರೆಯಂಥ ಹಸಿರು ನೀರಿನಲ್ಲಿ ಇದು ತಿರುಗುಮುರುಗು. ಅಲ್ಲಿ ಪಾಚಿ ಹಗಲಿಡೀ ಆಮ್ಲಜನಕ ಬಿಡುತ್ತದೆ, ರಾತ್ರಿಯಿಡೀ ತಾನೇ ಅದನ್ನು ಉಸಿರಾಡುತ್ತದೆ. ಅಂದರೆ ಇಡೀ ದಿನದಲ್ಲಿ ಆಮ್ಲಜನಕ ಅತಿ ಕಡಿಮೆ ಇರುವ ಹೊತ್ತು ಸೂರ್ಯೋದಯದ ಸುಮಾರಿನದು. ನಸುಕಿನಲ್ಲಿ ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುವುದನ್ನು ನೋಡಿ ಹೊಸಬರು "ಮೀನು ಮೇಯುತ್ತಿದೆ" ಎಂದು ಖುಷಿಪಡುತ್ತಾರೆ. ಅವು ಮೇಯುತ್ತಿರುವುದಿಲ್ಲ, ಉಸಿರಿಗಾಗಿ ಒದ್ದಾಡುತ್ತಿರುತ್ತವೆ. ಆ ಹೊತ್ತಿನಲ್ಲಿ ಗಾಳಕ್ಕೆ ಸಿಕ್ಕಿ ಐದು ನಿಮಿಷ ಎಳೆದಾಡಿದ ಮೀನನ್ನು ಎಷ್ಟು ಜೋಪಾನವಾಗಿ ಬಿಟ್ಟರೂ ಬದುಕುವ ಸಾಧ್ಯತೆ ಕಡಿಮೆ. ಹಸಿರು ನೀರಾದರೆ ಬಿಸಿಲು ಬಿದ್ದು ಒಂದೆರಡು ಗಂಟೆ ಕಳೆಯಲಿ. ಇಲ್ಲವೇ ಸಂಜೆ ಹೋಗಿ. ಪುಣೆಯಲ್ಲಿ ಮೇ ತಿಂಗಳ ಮಧ್ಯಾಹ್ನದ ನಂತರ ಪಡುವಣ ಗಾಳಿ ಜೋರಾಗಿ ಬೀಸುತ್ತದೆ. ಅಲೆ ಬಂದು ಬಡಿಯುವ ಪೂರ್ವದ ದಂಡೆಯಲ್ಲಿ ನೀರು ಕಲಕಿ ಆಮ್ಲಜನಕ ಬೆರೆತಿರುತ್ತದೆ, ಮೀನಿನ ಮೇವೂ ಅಲ್ಲಿಗೇ ಸೇರಿರುತ್ತದೆ.

ಹಿಡಿದು ಬಿಡುವವರು ಈ ದಿನಗಳಲ್ಲಿ ತೆಳ್ಳನೆಯ ದಾರದ ಮೋಹ ಬಿಡಬೇಕು. ಗಟ್ಟಿ ದಾರವಿದ್ದರೆ ಮೀನನ್ನು ಬೇಗ ಎಳೆದುಕೊಳ್ಳಬಹುದು, ಅದು ಸುಸ್ತಾಗುವುದು ತಪ್ಪುತ್ತದೆ. ಮುಳ್ಳಿಲ್ಲದ ಗಾಳ, ಒದ್ದೆ ಕೈ, ಮೀನು ನೀರಿನಲ್ಲಿರುವಾಗಲೇ ಗಾಳ ಬಿಡಿಸುವುದು ಇವೆಲ್ಲ ಗೊತ್ತಿರುವವೇ. ಮಧ್ಯಾಹ್ನದ ಕಾದ ಬಂಡೆಯ ಮೇಲೆ ಮೀನು ಮಲಗಿಸಿ ಫೋಟೊ ತೆಗೆಯುವುದಂತೂ ಅದನ್ನು ಕಾವಲಿಗೆ ಹಾಕಿದಂತೆಯೇ ಸರಿ.

ತಿಲಾಪಿಯಾಕ್ಕೆ ಈ ನಾಜೂಕು ಬೇಕಿಲ್ಲ. ಕಡಿಮೆ ಆಮ್ಲಜನಕದಲ್ಲೂ ಬದುಕುವ ಹೊರಗಿನ ಮೀನದು. ನಮ್ಮಲ್ಲಿ ಜಿಲೇಬಿ ಎನ್ನುವ ಇದನ್ನೇ ಭಿಗ್ವಣದ ಹೋಟೆಲುಗಳಲ್ಲಿ 'ಚಿಲಾಪಿ' ಎಂದು ಬಡಿಸುತ್ತಾರೆ. ತಿನ್ನಲೆಂದೇ ಹಿಡಿಯುವವರಿಗೆ ಇದು ಒಳ್ಳೆಯ ಆಯ್ಕೆ. ನಗರದೊಳಗಿನ ಮುಳಾ-ಮುಠಾದಿಂದ ಹಿಡಿದದ್ದನ್ನು ಮಾತ್ರ ಅಡುಗೆಮನೆಗೆ ತರಬೇಡಿ.

ಪುಣೆಯ ಮಹಸೀರ್, ಕಾವೇರಿಯ ಪಾಠ

ಹವ್ಯಾಸಿಗಳ ಕನಸಿನ ಮೀನು ಮಹಸೀರ್. ಡೆಕ್ಕನ್ ಮಹಸೀರ್ ಎಂದು ಕರೆಯುವ, ವೈಜ್ಞಾನಿಕವಾಗಿ 'ಟಾರ್ ಖುದ್ರೀ' ಎಂಬ ಹೆಸರಿನ ಮೀನನ್ನು ಜಗತ್ತಿಗೆ ಮೊದಲು ಪರಿಚಯಿಸಿದ್ದು ಪುಣೆ ಸಮೀಪದ ಮುಳಾ-ಮುಠಾ ನದಿಯಿಂದಲೇ. 1839ರಲ್ಲಿ ಕರ್ನಲ್ ವಿಲಿಯಂ ಸೈಕ್ಸ್ ಇದನ್ನು ವಿವರಿಸಿದರು. ಇವತ್ತಿನ ಮುಳಾ-ಮುಠಾ ನೋಡಿದವರಿಗೆ ಈ ಮಾತು ನಂಬಲು ಕಷ್ಟ.

ಈ ಮೀನಿನ ಮರಿ ಬೆಳೆಸುವ ಕೆಲಸವನ್ನು 1970ರ ದಶಕದಲ್ಲಿ ಟಾಟಾ ವಿದ್ಯುತ್ ಕಂಪನಿ ಲೋಣಾವಳಾದಲ್ಲಿ ಕೈಗೆತ್ತಿಕೊಂಡಿತು. ಅಲ್ಲಿನ ಮರಿಗಳು ದೇಶದ ಹಲವು ನದಿ, ಕೆರೆಗಳಿಗೆ ಹೋದವು, ನಮ್ಮ ಕಾವೇರಿಗೂ ಬಂದವು. ಉದ್ದೇಶ ಒಳ್ಳೆಯದೇ ಇತ್ತು. ಆದರೆ ಕಾವೇರಿಯಲ್ಲಿ ತನ್ನದೇ ಆದ, ಗೂನುಬೆನ್ನಿನ ದೊಡ್ಡ ಮಹಸೀರ್ ಒಂದಿತ್ತು. ಹೊರಗಿನಿಂದ ಬಂದ ಮಹಸೀರ್ ಹೆಚ್ಚಾದಂತೆ ಅದು ಕಾಣುವುದು ಅಪರೂಪವಾಯಿತು. 'ಟಾರ್ ರೆಮಾದೇವಿ' ಎಂದು ವಿಜ್ಞಾನಿಗಳು ಗುರುತಿಸಿದ ಆ ಮೀನು 2018ರಲ್ಲಿ ತೀವ್ರ ಅಳಿವಿನಂಚಿನ ಜೀವಿಗಳ ಐಯುಸಿಎನ್ ಪಟ್ಟಿ ಸೇರಿತು. ಅದು ಕುಸಿಯಲು ಮರಳು ಗಣಿಗಾರಿಕೆ, ಸಿಡಿಮದ್ದಿನ ಬೇಟೆ, ಅಣೆಕಟ್ಟುಗಳೂ ಕಾರಣ.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ಬೇಸಿಗೆಯ ಕೊನೆಯಲ್ಲಿ ಹಳ್ಳದ ಗುಂಡಿಗಳು ಬತ್ತುವಾಗ ಅದರಲ್ಲಿ ಸಿಕ್ಕಿಬಿದ್ದ ಮೀನುಗಳನ್ನು ಬಕೆಟ್ಟಿನಲ್ಲಿ ತುಂಬಿ ಬೇರೆ ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಳ್ಳುವವರಿದ್ದಾರೆ. ಬಿಡಲೇಬೇಕೆಂದಿದ್ದರೆ ಅದೇ ಹಳ್ಳದ ಆಳವಾದ ಮಡುವಿಗೆ ಬಿಡಿ. ಬೇರೆ ನೀರಿಗೆ ಬೇಡ. ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕರಂತೂ ಎಲ್ಲಿಗೂ ಬಿಡಬೇಡಿ.

ಮತ್ತೊಂದು ಸಂಗತಿ, ಈಗ ಸಿಗುವ ದೊಡ್ಡ ಮೀನುಗಳಲ್ಲಿ ಹಲವು ಮೊಟ್ಟೆ ಕಟ್ಟಿದ ಹೆಣ್ಣುಗಳು. ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಮುಂಗಾರಿನ ಹೊಸ ನೀರಿಗೆ ಕಾದಿರುತ್ತವೆ. ಮಹಸೀರ್ ಕೂಡ ಮಳೆಗಾಲದಲ್ಲೇ ಮೊಟ್ಟೆ ಇಡುತ್ತದೆ. ಹೊಸ ನೀರಿಗೆ ಎದುರಾಗಿ ಹಳ್ಳ ಏರುವ ಮೀನನ್ನು ಮಲೆನಾಡಿನಲ್ಲಿ 'ಹತ್ತುಮೀನು' ಎನ್ನುತ್ತೇವೆ. ಕೊಂಕಣದಲ್ಲಿ ಅದೇ ಸಂಭ್ರಮಕ್ಕೆ 'ವಲಗಣ್' ಎಂಬ ಹೆಸರಿದೆ. ಹೊಟ್ಟೆ ಉಬ್ಬಿದ ಮೀನು ಗಾಳಕ್ಕೆ ಬಂದರೆ ತೂಕಕ್ಕೂ ಹಾಕದೆ ಬಿಟ್ಟುಬಿಡುವುದು ಒಳ್ಳೆಯದು.

ಅನುಮತಿ ಯಾರದು?

ಮಹಾರಾಷ್ಟ್ರದ ಹೆಚ್ಚಿನ ಜಲಾಶಯಗಳಲ್ಲಿ ಮೀನುಗಾರಿಕೆ ಹಕ್ಕನ್ನು ಸಹಕಾರ ಸಂಘಗಳಿಗೆ ಅಥವಾ ಗುತ್ತಿಗೆದಾರರಿಗೆ ಕೊಟ್ಟಿರುತ್ತಾರೆ. ಹವ್ಯಾಸಕ್ಕಾದರೂ ಅವರನ್ನು ಕೇಳಿಯೇ ಕೂರಬೇಕು. ಮುಳಶಿ, ವಳವಣ ಜಲಾಶಯಗಳು ಟಾಟಾ ಪವರ್‌ನವು. ಅಣೆಕಟ್ಟಿನ ಗೋಡೆಯ ಬಳಿ ಎಲ್ಲೂ ಗಾಳ ಹಾಕುವಂತಿಲ್ಲ. ಕರ್ನಾಟಕದಲ್ಲಿ ಭೀಮೇಶ್ವರಿ, ಗಾಳಿಬೋರೆಯ ಹಳೆಯ ಗಾಳದ ಶಿಬಿರಗಳ ಕಥೆ ಕೇಳಿ ಬ್ಯಾಗು ಕಟ್ಟುವವರು ಗಮನಿಸಬೇಕು: ಆ ಜಾಗ ಕಾವೇರಿ ವನ್ಯಜೀವಿಧಾಮದೊಳಗಿದೆ, ಅಲ್ಲಿ ಗಾಳ ನಿಂತು ದಶಕವೇ ಕಳೆದಿದೆ. ದಾಂಡೇಲಿಯ ಕಾಳಿ, ಸಾಂಗ್ಲಿಯ ಕೃಷ್ಣೆಯಲ್ಲಿ ಮೊಸಳೆಗಳಿವೆ. ನೀರು ಕುಗ್ಗಿದಾಗ ನೀವೂ ಅವೂ ಅದೇ ಮಡುವಿನ ದಡದಲ್ಲಿರುತ್ತೀರಿ.

ಕರಾವಳಿಗೆ ಹೋಗುವುದಾದರೆ

ಪುಣೆಯಿಂದ ಅಲಿಬಾಗ್, ಮುರುಡ್, ಹರ್ಣೈ ಕಡೆಗೆ ಅಥವಾ ಬೆಳಗಾವಿ ದಾಟಿ ಕಾರವಾರದ ಕಡೆಗೆ ಹೋಗುವವರು ಮೊದಲು ತಾರೀಖು ನೋಡಬೇಕು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಎಂಜಿನ್ ಇಲ್ಲದ ಸಾಂಪ್ರದಾಯಿಕ ದೋಣಿಗಳಿಗೆ ವಿನಾಯಿತಿ ಇದೆ. ನಮ್ಮ ಕರಾವಳಿಯ ನಾಡದೋಣಿ ಮೀನುಗಾರರು ಮಳೆ ಶುರುವಾದ ಮೇಲೆ 'ತೂಫಾನ್' ಆಗಲೆಂದು ಕಾಯುತ್ತಾರೆ. ಕಡಲು ಕದಡಿದ ನಂತರ ಮೀನು ದಡದ ಸಮೀಪ ಬರುತ್ತದೆ ಎಂಬುದು ಅವರ ತಲೆಮಾರುಗಳ ಅನುಭವ. ಅದನ್ನು ಕೇಳಿ ಹವ್ಯಾಸಿಗಳು ಬಂಡೆಯ ಮೇಲೆ ನಿಲ್ಲಲು ಹೋಗಬಾರದು. ಅವರಿಗಿರುವ ಕಡಲಿನ ಅಂದಾಜು ನಮಗಿರುವುದಿಲ್ಲ.

ಮೇ ಮಧ್ಯದಿಂದಲೇ ನೈಋತ್ಯದ ಗಾಳಿ ಬಲಗೊಳ್ಳುತ್ತದೆ. ಇದಕ್ಕಿಂತ ಅಪಾಯಕಾರಿ, ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಹುಟ್ಟಿ ಬರುವ ಉದ್ದನೆಯ ಅಲೆಗಳು. ಇಲ್ಲಿ ಗಾಳಿಯೇ ಇರುವುದಿಲ್ಲ, ಕಡಲು ಶಾಂತವಾಗಿಯೇ ಕಾಣುತ್ತದೆ, ಇದ್ದಕ್ಕಿದ್ದಂತೆ ನೀರು ನುಗ್ಗುತ್ತದೆ. ಮಲಯಾಳಿಗರು ಇಟ್ಟ 'ಕಳ್ಳಕ್ಕಡಲ್' ಎಂಬ ಹೆಸರಿಗೆ ಕನ್ನಡಿಗರಿಗೆ ಅರ್ಥ ಹೇಳಬೇಕಿಲ್ಲ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಇಂಥ ಅಲೆಗಳ ಮುನ್ನೆಚ್ಚರಿಕೆಯನ್ನು ಕರಾವಳಿವಾರು ಕೊಡುತ್ತದೆ. ಹೊರಡುವ ಹಿಂದಿನ ರಾತ್ರಿ ನೋಡಿಕೊಳ್ಳಿ.

ಉಬ್ಬರ ಇಳಿತದ ಲೆಕ್ಕವೂ ಎರಡು ಕಡೆ ಬೇರೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಮುಂಬೈ ಬಳಿ ನೀರು 4ರಿಂದ 5 ಮೀಟರ್ ಏರಿಳಿದರೆ ಮಂಗಳೂರಿನಲ್ಲಿ ಅದು ಒಂದೂವರೆ ಮೀಟರ್ ಸುಮಾರು. ಮಂಗಳೂರಿನ ಅಂದಾಜಿನಲ್ಲಿ ಅಲಿಬಾಗಿನ ಬಂಡೆ ಹತ್ತಿದರೆ ಹಿಂದಿರುಗುವ ದಾರಿ ಮುಳುಗಿರುತ್ತದೆ. ಅಲ್ಲಿನ ಕುಲಾಬಾ ಕೋಟೆಗೆ ಇಳಿತದಲ್ಲಿ ನಡೆದು ಹೋದವರು ಉಬ್ಬರದಲ್ಲಿ ದೋಣಿ ಹುಡುಕುವುದು ಇದೇ ಕಾರಣಕ್ಕೆ. ತೆರೆದ ಕಡಲಿಗಿಂತ ಅಳಿವೆ, ಖಾಡಿಗಳು ಈ ದಿನಗಳಲ್ಲಿ ಮೇಲು. ಉಬ್ಬರ ಏರುವ ಮೊದಲ ಒಂದೆರಡು ಗಂಟೆ ರಾಯಗಡದವರು 'ಜಿತಾಡಾ' ಎನ್ನುವ ಬಾರಾಮುಂಡಿಗೆ ಒಳ್ಳೆಯ ಸಮಯ. ಮರಳು ತಳವಿದ್ದಲ್ಲಿ ಕಾಣೆಯೂ ಸಿಗಬಹುದು.

ಗುಡುಗು ಕೇಳಿದರೆ ರಾಡು ಕೆಳಗಿಡಿ

ಮೇ ತಿಂಗಳ ಸಂಜೆ ಪುಣೆಯಲ್ಲಿ ಗುಡುಗು ಮಳೆ ಹೇಳಿ ಬರುವುದಿಲ್ಲ. ಇಂದಿನ ಹೆಚ್ಚಿನ ರಾಡುಗಳು ಕಾರ್ಬನ್ ನಾರಿನವು, ವಿದ್ಯುತ್ ಹರಿಸುತ್ತವೆ. ಬಯಲು ದಂಡೆಯಲ್ಲಿ ಎಲ್ಲಕ್ಕಿಂತ ಎತ್ತರಕ್ಕೆ ನಿಂತಿರುವುದೂ ಅದೇ. ಮಿಂಚು ಕಂಡ 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗಿದೆ ಎಂದರ್ಥ. ರಾಡು ಕೆಳಗಿಟ್ಟು ಕಾರಿನೊಳಗೆ ಕೂರಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಬರಬೇಡಿ. ಪುಣೆಯದೇ ಆದ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ 'ದಾಮಿನಿ' ಆ್ಯಪ್ ನೀವಿರುವ ಜಾಗದ ಸುತ್ತಲಿನ ಸಿಡಿಲನ್ನು ತೋರಿಸುತ್ತದೆ.

ಮೊದಲ ದೊಡ್ಡ ಮಳೆಯ ಮರುದಿನ ನದಿಗೆ ಹೋಗುವ ಆಸೆ ಹಲವರಿಗೆ. ನಗರದ ಕೆಳಗಿನ ನದಿಗಳಲ್ಲಿ ಅದು ಅತಿ ಕೆಟ್ಟ ದಿನ. ಬೇಸಿಗೆಯಿಡೀ ಚರಂಡಿ, ನಾಲೆಗಳಲ್ಲಿ ಕೂತ ಕೊಳಚೆ ಒಮ್ಮೆಗೇ ನದಿಗೆ ನುಗ್ಗಿ, ತಳದ ಹೂಳನ್ನೂ ಎಬ್ಬಿಸಿ, ಇದ್ದಬದ್ದ ಆಮ್ಲಜನಕವನ್ನು ಕೆಲವೇ ಗಂಟೆಗಳಲ್ಲಿ ನುಂಗುತ್ತದೆ. ಸತ್ತು ತೇಲುವ, ಅರೆಜೀವವಾಗಿ ದಡಕ್ಕೆ ಬರುವ ಮೀನುಗಳನ್ನು ಚೀಲಕ್ಕೆ ತುಂಬಿಕೊಂಡು ಹೋಗುವವರನ್ನು ಕಂಡರೆ ತಿನ್ನಬಾರದೆಂದು ಹೇಳಿ, ಜಾಗ ಮತ್ತು ಹೊತ್ತು ಕಾಣುವಂತೆ ಫೋಟೊ ತೆಗೆದು ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಡಿ. ನೀರಿನ ಮಾದರಿ ಅದೇ ದಿನ ತೆಗೆದರೆ ಮಾತ್ರ ಕಾರಣ ಗೊತ್ತಾಗುತ್ತದೆ. ಮರುದಿನದ ಹೊತ್ತಿಗೆ ಹೊಸ ನೀರು ಅದನ್ನು ಉಜನಿಯ ಕಡೆಗೆ ಕೊಂಡೊಯ್ದಿರುತ್ತದೆ.