ಗುಜರಿಯ ವಾಲ್ವ್ ರೇಡಿಯೋಕ್ಕೆ ಮತ್ತೆ ದನಿ

ಹೈದರಾಬಾದಿನ ಪುರಾನಾಪುಲ್ ಬಳಿ ಗುರುವಾರಗಳಂದು ಸೇರುವ ಜುಮ್ಮೇರಾತ್ ಬಜಾರಿನಲ್ಲಿ ತುಕ್ಕು ಹಿಡಿದ ಹೊಲಿಗೆ ಯಂತ್ರ, ರೆಕ್ಕೆ ಬಾಗಿದ ಫ್ಯಾನು, ಮುಳ್ಳಿಲ್ಲದ ಗಡಿಯಾರಗಳ ನಡುವೆ ಆಗಾಗ ಒಂದು ಮರದ ಪೆಟ್ಟಿಗೆ ಕಣ್ಣಿಗೆ ಬೀಳುತ್ತದೆ. ಮರ್ಫಿಯೋ ಬುಷ್ಷೋ ಫಿಲಿಪ್ಸೋ ಇರಬಹುದು. ಮುಂದಿನ ಬಟ್ಟೆ ಹರಿದಿರುತ್ತದೆ, ಮುಳ್ಳನ್ನು ಎಳೆಯುವ ದಾರ ಕಡಿದಿರುತ್ತದೆ, ಒಳಗೆ ಇಲಿ ಸಂಸಾರ ಮಾಡಿ ಹೋಗಿರುತ್ತದೆ. ಮಾರುವವನ ಲೆಕ್ಕದಲ್ಲಿ ಅದು ಒಂದಿಷ್ಟು ತಾಮ್ರ, ಒಂದಿಷ್ಟು ಮರ. ಕೊಳ್ಳುವವರಲ್ಲಿ ಹಲವರು ಒಳಗಿನದನ್ನೆಲ್ಲ ಕಿತ್ತೆಸೆದು ಬ್ಲೂಟೂತ್ ಸ್ಪೀಕರ್ ಕೂರಿಸಿ, ಬೈಠಕ್ ಖಾನೆಯ ಅಲಂಕಾರಕ್ಕೆ ಇಡುತ್ತಾರೆ. ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕಿತ್ತೆಸೆದ ಆ ಭಾಗ ಬಹುಮಟ್ಟಿಗೆ ಬದುಕಿಯೇ ಇರುತ್ತದೆ.

ವಾಲ್ವ್ ರೇಡಿಯೋ ಎಂದ ಕೂಡಲೇ ಎಲ್ಲರೂ ಅನುಮಾನಿಸುವುದು ಗಾಜಿನ ವಾಲ್ವನ್ನು. ‘ವಾಲ್ವ್ ಹೋಗಿದೆ, ಈಗೆಲ್ಲಿ ಸಿಗುತ್ತೆ ಬಿಡಿ’ ಎಂದು ಕೈಚೆಲ್ಲುತ್ತಾರೆ. ವಾಲ್ವು ಅಷ್ಟು ಸುಲಭಕ್ಕೆ ಸಾಯುವ ಜಾತಿಯದಲ್ಲ. ಗಾಳಿ ತೆಗೆದ ಗಾಜಿನೊಳಗೆ ಒಂದು ತಂತಿ ಕಾದು ಕ್ಯಾಥೋಡನ್ನು ಕೆಂಪಾಗಿಸುತ್ತದೆ. ಅದರ ಮೈಗೆ ಬಳಿದ ಬೇರಿಯಂ ಆಕ್ಸೈಡಿನ ಲೇಪದಿಂದ ಎಲೆಕ್ಟ್ರಾನುಗಳು ಹೊರಬಿದ್ದು, 250 ವೋಲ್ಟಿನಷ್ಟು ಧನ ವಿದ್ಯುತ್ತಿರುವ ಆನೋಡಿನತ್ತ ನುಗ್ಗುತ್ತವೆ. ಬ್ರಿಟಿಷ್ ವಿಜ್ಞಾನಿ ಫ್ಲೆಮಿಂಗ್ 1904ರಲ್ಲಿ ಮಾಡಿದ ವಾಲ್ವಿನಲ್ಲಿ ಇದ್ದದ್ದು ಕಾಯುವ ತಂತಿ ಮತ್ತು ಆನೋಡು, ಇಷ್ಟೇ. 1906ರಲ್ಲಿ ಲೀ ಡಿ ಫಾರೆಸ್ಟ್ ನಡುವೆ ಗ್ರಿಡ್ ಎಂಬ ತಂತಿಯ ಜಾಲರಿಯನ್ನು ಸೇರಿಸಿದ. ಗ್ರಿಡ್ಡಿನ ವೋಲ್ಟೇಜು ತುಸುವೇ ಏರಿಳಿದರೂ ಆನೋಡಿನ ಪ್ರವಾಹ ಬಹಳಷ್ಟು ಏರಿಳಿಯುತ್ತದೆ. ಕ್ಷೀಣ ಸಂಕೇತವೊಂದು ಕೋಣೆ ತುಂಬುವ ದನಿಯಾಗುವುದು ಈ ಗುಣದಿಂದ.

ವಾಲ್ವಿನ ಆರೋಗ್ಯದ ಮೊದಲ ಪರೀಕ್ಷೆಗೆ ಉಪಕರಣವೇ ಬೇಡ. ಗಾಜಿನ ನೆತ್ತಿಯ ಒಳಮೈಯಲ್ಲಿ ಕನ್ನಡಿಯಂತೆ ಹೊಳೆಯುವ ಒಂದು ಮಚ್ಚೆ ಇರುತ್ತದೆ. ತಯಾರಿಕೆಯ ಕೊನೆಯಲ್ಲಿ ಬೇರಿಯಂ ಲೋಹವನ್ನು ಒಳಗೇ ಆವಿ ಮಾಡಿ ಅಲ್ಲಿ ಅಂಟಿಸಿರುತ್ತಾರೆ. ಉಳಿದ, ಆಮೇಲೆ ಸೋರುವ ಚೂರುಪಾರು ಅನಿಲವನ್ನು ಅದು ಹೀರಿಕೊಳ್ಳುತ್ತದೆ. ಮಚ್ಚೆ ಬೆಳ್ಳಿಯ ಬಣ್ಣಕ್ಕಿದ್ದರೆ ನಿರ್ವಾತ ಉಳಿದಿದೆ. ಸುಣ್ಣದಂತೆ ಬೆಳ್ಳಗಾಗಿದ್ದರೆ ಗಾಳಿ ಹೊಕ್ಕಿದೆ, ಆ ವಾಲ್ವಿನ ಕಥೆ ಮುಗಿಯಿತು. ಗಾಜಿನ ಮೇಲಿನ ಅಕ್ಷರಗಳೂ ಮಾತಾಡುತ್ತವೆ. ಇಎಲ್84 ಎಂದಿದ್ದರೆ, ‘ಇ’ ಅಂದರೆ ಕಾಯುವ ತಂತಿಗೆ 6.3 ವೋಲ್ಟ್, ‘ಎಲ್’ ಅಂದರೆ ಸ್ಪೀಕರಿಗೆ ಶಕ್ತಿ ಕೊಡುವ ಪೆಂಟೋಡ್. ಅಲ್ಲಿ ಬಿಇಎಲ್ ಎಂಬ ಗುರುತೂ ಇದ್ದರೆ ಅದು ನಮ್ಮ ಬೆಂಗಳೂರಿನ ಜಾಲಹಳ್ಳಿಯದು. 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ 1961ರಿಂದ ರೇಡಿಯೋ ವಾಲ್ವುಗಳನ್ನು ಅಲ್ಲಿ ತಯಾರಿಸಿತು.

ಹಾಗಾದರೆ ರೇಡಿಯೋ ಕೆಟ್ಟದ್ದು ಎಲ್ಲಿ? ಹೆಚ್ಚಿನ ಪಾಲು ಕಂಡೆನ್ಸರುಗಳಲ್ಲಿ. ಲೋಹದ ತೆಳು ಹಾಳೆಗಳ ನಡುವೆ ಕಾಗದವಿಟ್ಟು ಸುತ್ತಿ, ಮೇಣದಲ್ಲಿ ಅದ್ದಿದ ಕೊಳವೆಗಳು ಅವು. ಎಷ್ಟೋ ಮಳೆಗಾಲ ಕಂಡ ಕಾಗದ ತೇವ ಎಳೆದುಕೊಳ್ಳುತ್ತದೆ, ಆಮ್ಲೀಯವಾಗಿ ಹಳಸುತ್ತದೆ, ವಿದ್ಯುತ್ತನ್ನು ತಡೆಯಬೇಕಾದದ್ದು ಸೋರತೊಡಗುತ್ತದೆ. ಇವುಗಳಲ್ಲಿ ಒಂದು ಮಾತ್ರ ತೀರಾ ಅಪಾಯಕಾರಿ. ಕೊನೆಯ ವಾಲ್ವಿನ ಗ್ರಿಡ್ಡಿಗೆ ದನಿಯನ್ನು ದಾಟಿಸಿ, ಹಿಂದಿನ ಹಂತದ ನೇರ ವೋಲ್ಟೇಜನ್ನು ತಡೆಯುವ ಜೋಡಣೆಯ ಕಂಡೆನ್ಸರ್ ಅದು. ಆಚೆ ಬದಿಯಲ್ಲಿ 100 ವೋಲ್ಟ್ ಇದೆ, ಕಂಡೆನ್ಸರಿನ ಸೋರಿಕೆಯ ರೋಧ 20 ಮೆಗಾಓಮ್, ಗ್ರಿಡ್ಡಿನ ರೆಸಿಸ್ಟರ್ ಅರ್ಧ ಮೆಗಾಓಮ್ ಎಂದಿಟ್ಟುಕೊಳ್ಳಿ. ಗ್ರಿಡ್ಡಿನ ಮೇಲೆ ಎರಡೂವರೆ ವೋಲ್ಟಿನಷ್ಟು ಧನ ವಿದ್ಯುತ್ ಬಂದು ಕೂರುತ್ತದೆ. ಇಎಲ್84ರ ಗ್ರಿಡ್ ಕ್ಯಾಥೋಡಿಗಿಂತ ಸುಮಾರು 7.3 ವೋಲ್ಟ್ ಕೆಳಗಿರಬೇಕು. ಆಗ ಅದರಲ್ಲಿ ಹರಿಯುವುದು 48 ಮಿಲಿಆಂಪ್. ಈ ಅಂತರ ಕುಗ್ಗಿದಂತೆ ಪ್ರವಾಹ ಏರುತ್ತದೆ, ಆನೋಡು ಕೆಂಪಗೆ ಕಾಯುತ್ತದೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಹೀಗೆ ಒಂದು ಪುಟ್ಟ ಮೇಣದ ಕೊಳವೆ, ಇಡೀ ಸೆಟ್ಟಿನಲ್ಲಿ ಹೊಂದಿಸಲು ಅತ್ಯಂತ ಕಷ್ಟವಾದ ಎರಡು ಭಾಗಗಳನ್ನು ಕೊಲ್ಲುತ್ತದೆ. ಮೀಟರಿನಲ್ಲಿ ಅಳೆದರೆ ಸರಿಯಿದ್ದಂತೆ ಕಾಣಲೂಬಹುದು. ಮೀಟರು ಕೊಡುವ ಒಂದೆರಡು ವೋಲ್ಟಿಗೆ ಸೋರದ್ದು ನೂರು ವೋಲ್ಟಿಗೆ ಸೋರುತ್ತದೆ. ಹಾಗಾಗಿ ಪರೀಕ್ಷೆ, ತರ್ಕ ಎಲ್ಲ ಬಿಟ್ಟು, ಸೆಟ್ಟಿಗೆ ಕರೆಂಟು ಕೊಡುವ ಮುಂಚೆಯೇ ಇದೊಂದನ್ನು ಬದಲಿಸಿಬಿಡಬೇಕು. ಕೋಠಿಯ ಗುಜರಾತಿ ಗಲ್ಲಿಯ ಅಂಗಡಿಗಳಲ್ಲಿ ಕೇಳಿದರೆ 630 ವೋಲ್ಟಿನ ಪಾಲಿಯೆಸ್ಟರ್ ಕಂಡೆನ್ಸರ್ ಸಿಗುತ್ತದೆ. ಇಡೀ ರಿಪೇರಿಯಲ್ಲಿ ಅತಿ ಅಗ್ಗದ ಸಾಮಾನು ಅದೇ.

ಇನ್ನು ಕರೆಂಟು ಕೊಡುವ ಕ್ರಮ. ನೇರ ಪ್ಲಗ್ಗಿಗೆ ಹಾಕಿ ‘ನೋಡೋಣ’ ಎನ್ನುವುದರಿಂದ ಹಾಳಾದ ಸೆಟ್ಟುಗಳು ಬಹಳ. ಹಳೆಯ ಮೆಕ್ಯಾನಿಕ್ಕುಗಳ ಮೇಜಿನ ಮೇಲಿರುತ್ತಿದ್ದ ಸೀರೀಸ್ ಬೋರ್ಡು ಇಲ್ಲಿ ಬೇಕು. ರೇಡಿಯೋ ಜೊತೆ ಸರಣಿಯಲ್ಲಿ 60 ಅಥವಾ 100 ವ್ಯಾಟಿನ ಹಳೆಯ ಮಾದರಿಯ ಬಲ್ಬು; ಎಲ್‌ಇಡಿ ನಡೆಯದು. ಟಂಗ್‌ಸ್ಟನ್ ತಂತಿಯ ರೋಧ ತಣ್ಣಗಿದ್ದಾಗ ಉರಿಯುವಾಗಿನದರ ಹತ್ತನೇ ಒಂದು ಭಾಗಕ್ಕೂ ಕಡಿಮೆ. ಸೆಟ್ಟು ಅಳತೆಯಲ್ಲಿ ಕರೆಂಟು ಎಳೆದರೆ ಬಲ್ಬು ಮಂದವಾಗಿಯೇ ಇದ್ದು ದಾರಿ ಬಿಡುತ್ತದೆ. ಒಳಗೆ ಶಾರ್ಟ್ ಇದ್ದರೆ ಬಲ್ಬು ಝಗ್ಗನೆ ಉರಿದು ರೋಧ ಏರಿಸಿಕೊಂಡು ತಾನೇ ಅಡ್ಡ ನಿಲ್ಲುತ್ತದೆ. ವಾಲ್ವಿನ ತಂತಿಗಳೂ ಮೊದಲು ತಣ್ಣಗಿರುವುದರಿಂದ ಆರಂಭದಲ್ಲಿ ಒಂದು ಕ್ಷಣ ಬೆಳಕು ಬಂದು ಇಳಿಯುವುದು ಸಹಜ. ಇಳಿಯದಿದ್ದರೆ ಸ್ವಿಚ್ ಆರಿಸಿ.

ಕೆಲವು ಸೆಟ್ಟುಗಳನ್ನು ಹೊಸಬರು ಮುಟ್ಟಲೇಬಾರದು. ವಾಲ್ವಿನ ಹೆಸರು ‘ಯು’ ಇಂದ ಆರಂಭವಾಗಿದ್ದರೆ ಅದು ಎಸಿ–ಡಿಸಿ ಸೆಟ್ಟು. ಒಳಗೆ ವೋಲ್ಟೇಜು ಇಳಿಸುವ ಟ್ರಾನ್ಸ್‌ಫಾರ್ಮರೇ ಇಲ್ಲ. ತಗಡಿನ ಷಾಸಿ ನೇರವಾಗಿ ಮನೆಯ ಲೈನಿಗೆ ಅಂಟಿಕೊಂಡಿರುತ್ತದೆ. ಪ್ಲಗ್ಗನ್ನು ಉಲ್ಟಾ ಚುಚ್ಚಿದರೆ ಷಾಸಿಯಲ್ಲೇ 230 ವೋಲ್ಟ್. ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟಿನಲ್ಲೂ ಪ್ಲಗ್ ಕಿತ್ತ ಮೇಲೆ ಫಿಲ್ಟರ್ ಕಂಡೆನ್ಸರುಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ರೆಸಿಸ್ಟರ್ ಮೂಲಕ ಅದನ್ನು ಇಳಿಸದೆ ಕೈ ಹಾಕಬೇಡಿ. ಹಿಂದೆ ವೋಲ್ಟೇಜ್ ಆರಿಸುವ ಬಿಲ್ಲೆಯಿದ್ದರೆ 245ಕ್ಕೆ ತಿರುಗಿಸಿಡಿ. 220ರಲ್ಲಿ ಬಿಟ್ಟು ಲೈನಿನಲ್ಲಿ 240 ಬಂದರೆ, 6.3 ವೋಲ್ಟ್ ಸಿಗಬೇಕಾದ ತಂತಿಗೆ 6.9ರ ಹತ್ತಿರ ಸಿಕ್ಕಿ ವಾಲ್ವಿನ ಆಯುಷ್ಯ ಕರಗುತ್ತದೆ.

ದನಿ ಬಂದಾಗ ಮೊದಲು ಕೇಳುವುದು ಗುಂಯ್ ಎನ್ನುವ ಸದ್ದು. ಫಿಲ್ಟರ್ ಕಂಡೆನ್ಸರ್ ಒಣಗಿದೆ ಎಂದು ತಿಳಿಯಬೇಕು. ಅದನ್ನೂ ಬದಲಿಸಿದ ಮೇಲೆ ಕೇಂದ್ರಗಳನ್ನು ಹುಡುಕುವ ಸಂತೋಷದ ಕೆಲಸ.

ಹೈದರಾಬಾದಿನ ಗಾಳಿಯಲ್ಲಿ ರೇಡಿಯೋ ತರಂಗಕ್ಕೆ ವಯಸ್ಸಾಗಿದೆ. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಆಕಾಶವಾಣಿ ಆರಂಭಿಸಿದ 1935ರಲ್ಲೇ, ಫೆಬ್ರವರಿ 3ರಂದು, ಇಲ್ಲಿ ಡೆಕ್ಕನ್ ರೇಡಿಯೋ 200 ವ್ಯಾಟ್ ಶಕ್ತಿಯಲ್ಲಿ ಪ್ರಸಾರ ಶುರುಮಾಡಿತು. ಕಲಬುರಗಿ, ರಾಯಚೂರು, ಬೀದರ್‌ಗಳೂ ಆಗ ಹೈದರಾಬಾದಿನ ನಿಜಾಮನ ಸಂಸ್ಥಾನದೊಳಗಿದ್ದವು. 1950ರ ಏಪ್ರಿಲ್ 1ರಂದು ಡೆಕ್ಕನ್ ರೇಡಿಯೋ ಆಲ್ ಇಂಡಿಯಾ ರೇಡಿಯೋದ ಸುಪರ್ದಿಗೆ ಹೋಯಿತು. ಹೈದರಾಬಾದ್ ಕೇಂದ್ರದ ಮಧ್ಯಮ ತರಂಗದ ಜಾಗ 738 ಕಿಲೋಹರ್ಟ್ಸ್. ಹಳೆಯ ಡಯಲ್ಲಿನ ಮೀಟರ್ ಲೆಕ್ಕದಲ್ಲಿ 406ರ ಆಚೀಚೆ.

ನೀವು ಗುಂಡಿ ತಿರುಗಿಸಿ ಅಲ್ಲಿಗೆ ಬಂದಾಗ ಸೆಟ್ಟು ತಾನೂ ಒಂದು ತರಂಗ ಹುಟ್ಟಿಸುತ್ತದೆ, ಸಾಮಾನ್ಯವಾಗಿ 1193 ಕಿಲೋಹರ್ಟ್ಸಿನದು. ಎರಡೂ ಬೆರೆತಾಗ ಅವುಗಳ ವ್ಯತ್ಯಾಸವಾದ 455 ಹೊರಬರುತ್ತದೆ. ಯಾವ ಕೇಂದ್ರ ಹಿಡಿದರೂ ಈ ವ್ಯತ್ಯಾಸ ಬದಲಾಗುವುದಿಲ್ಲ. ಮುಂದಿನ ಹಂತಗಳೆಲ್ಲ ಆ ಒಂದೇ ಆವರ್ತನಕ್ಕೆ ಶ್ರುತಿಗೊಂಡಿದ್ದರೆ ಸಾಕು. ಎಡ್ವಿನ್ ಆರ್ಮ್‌ಸ್ಟ್ರಾಂಗ್ 1918ರಲ್ಲಿ ಕಂಡುಕೊಂಡ ಈ ಸೂಪರ್‌ಹೆಟ್ ಉಪಾಯದಷ್ಟು ಸೊಗಸಾದದ್ದು ಎಲೆಕ್ಟ್ರಾನಿಕ್ಸಿನಲ್ಲಿ ಅಪರೂಪ. ಈ ಶ್ರುತಿ ಕೂರುವುದು ಅಲ್ಯೂಮಿನಿಯಂ ಡಬ್ಬಿಗಳಲ್ಲಿರುವ ಐಎಫ್ (ಮಧ್ಯಂತರ ಆವರ್ತನ) ಸುರುಳಿಗಳಲ್ಲಿ. ಸ್ಕ್ರೂಡ್ರೈವರ್ ಸಿಕ್ಕ ಉತ್ಸಾಹದಲ್ಲಿ ಮೊದಲು ತಿರುಗಿಸುವುದೂ ಇವನ್ನೇ, ಕೆಡಿಸಿಕೊಳ್ಳುವುದೂ ಇವನ್ನೇ. ಕಂಡೆನ್ಸರುಗಳೆಲ್ಲ ಸರಿಯಾದ ಮೇಲೆ, 455ರ ಸಿಗ್ನಲ್ ಜನರೇಟರ್ ಕೈಲಿದ್ದರೆ, ಪ್ಲಾಸ್ಟಿಕ್ ಕಡ್ಡಿಯಿಂದ ಕೊನೆಯ ಸುರುಳಿಯಿಂದ ಮೊದಲಿನದರತ್ತ ಒಂದೊಂದಾಗಿ ಹೊಂದಿಸಬೇಕು. ಕಬ್ಬಿಣದ ತುದಿ ತಾಗಿದರೆ ಸುರುಳಿಯ ಗುಣವೇ ಬದಲಾಗುತ್ತದೆ. ಒಳಗಿನ ತಿರುಪು ಒಡೆಯಲೂಬಹುದು.

ಹೊಂದಾಣಿಕೆ ಕೂಡಿಬಂದಿದೆಯೇ ಎಂದು ತಿಳಿಯಲು ಹೈದರಾಬಾದಿನ ಕನ್ನಡಿಗರಿಗೆ ಒಳ್ಳೆಯ ಒರೆಗಲ್ಲೊಂದಿದೆ. ಧಾರವಾಡ ಕೇಂದ್ರಕ್ಕೆ ಗೊತ್ತಾದ ಜಾಗ 765, ಸ್ಥಳೀಯ 738ರಿಂದ ಬರೀ ಮೂರು ಮನೆ ಆಚೆ. ಹಗಲಿನಲ್ಲಿ ಅರವತ್ತರಿಂದ ತೊಂಬತ್ತು ಕಿಲೋಮೀಟರ್ ಎತ್ತರದಲ್ಲಿರುವ ಅಯಾನುಗೋಳದ ಡಿ ಪದರ ಮಧ್ಯಮ ತರಂಗವನ್ನು ನುಂಗಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ಅದಕ್ಕೂ ಮೇಲಿನ ಪದರಗಳು ತರಂಗವನ್ನು ನೆಲಕ್ಕೆ ತಿರುಗಿಸುತ್ತವೆ. ನಾನೂರಕ್ಕೂ ಹೆಚ್ಚು ಕಿಲೋಮೀಟರ್ ದಾಟಿ ಧಾರವಾಡ ಬರುವುದು ಆ ಹೊತ್ತಿಗೆ. ಪಕ್ಕದಲ್ಲೇ ಗಟ್ಟಿಯಾಗಿ ಮೊಳಗುವ ಸ್ಥಳೀಯ ಕೇಂದ್ರ ಅದರ ಮೇಲೆ ಹರಿದರೆ, ಐಎಫ್ ಸುರುಳಿಗಳ ಶ್ರುತಿ ಇನ್ನೂ ಸೇರಿಲ್ಲ ಎಂದರ್ಥ. ಕರಕರ ಸದ್ದೊಂದೇ ಕೇಳಿದರೆ ರೇಡಿಯೋವನ್ನು ಬೈಯುವ ಮುಂಚೆ ಕೋಣೆಯ ಎಲ್‌ಇಡಿ ದೀಪ, ಮೊಬೈಲ್ ಚಾರ್ಜರುಗಳನ್ನು ಆರಿಸಿ ನೋಡಿ. ಅವುಗಳೊಳಗಿನ ಸ್ವಿಚಿಂಗ್ ಸರ್ಕೀಟಿನ ಗದ್ದಲ ಬಂದು ಬೀಳುವುದು ಇದೇ ಬ್ಯಾಂಡಿನಲ್ಲಿ.